ಮೇಣದೊಳಗಿನ ಗಂಧ: ದೀಪ ಮತ್ತು ಧೂಪಗಳ ನಡುವಣ ಒಂದು ಚರಿತ್ರೆ

ಜಿನಪೂಜೆಯ ಅಷ್ಟವಿಧಾರ್ಚನೆಯಲ್ಲಿ ಜಲ, ಗಂಧ, ಅಕ್ಷತೆ, ಪುಷ್ಪ, ಚರುಗಳಾದ ಮೇಲೆ ದೀಪವೂ ಅದರ ಬೆನ್ನಿಗೇ ಧೂಪವೂ ಬರುತ್ತವೆ, ಕೊನೆಯದು ಫಲ. ದೀಪ ಧೂಪಗಳೆರಡೂ ಅಗ್ನಿಯನ್ನು ಆಶ್ರಯಿಸಿದ ದ್ರವ್ಯಗಳು. ಒಂದರ ಪಕ್ಕದಲ್ಲಿ ಒಂದು ನಿಂತಿದ್ದರೂ ಅವು ಪರಸ್ಪರ ಬೆರೆಯುವುದಿಲ್ಲ. ದೀಪ ಕಣ್ಣಿಗೆ, ಧೂಪ ಮೂಗಿಗೆ. ದೀಪವು ಮೋಹದ ಕತ್ತಲೆಯನ್ನು ಕಳೆಯಲೆಂದೂ ಧೂಪವು ಅಷ್ಟಕರ್ಮಗಳನ್ನು ದಹಿಸಲೆಂದೂ ಸಂಕಲ್ಪಿಸುವಾಗ ಎರಡರ ಅರ್ಥವೂ ಬೇರೆಯಾಗಿಯೇ ಉಳಿಯುತ್ತದೆ. ಇಂದು ಪೇಟೆಯ ಅಂಗಡಿಗಳಲ್ಲಿಯೂ ಮನೆಯ ಅಡುಗೆಮನೆಗಳಲ್ಲಿಯೂ ತಯಾರಾಗುತ್ತಿರುವ ಸುಗಂಧದ ಮೇಣದಬತ್ತಿಯು ಈ ಎರಡನ್ನೂ ಒಂದೇ ವಸ್ತುವಿನಲ್ಲಿ ಕೂಡಿಸಿದೆ. ಉರಿಯುವುದೂ ಅದೇ, ಕಂಪನ್ನು ಬೀರುವುದೂ ಅದೇ.

ಈ ಕೂಟವು ನಮ್ಮದೋ ಪರದೇಶದ್ದೋ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಅವಸರದ ಉತ್ತರಗಳು ದೊರೆಯುತ್ತವೆ. ಎಲ್ಲವೂ ನಮ್ಮ ಪ್ರಾಚೀನ ಗ್ರಂಥಗಳಲ್ಲಿಯೇ ಇದೆ ಎಂಬುದು ಒಂದು; ಮೇಣದಬತ್ತಿಯೇ ಪಾಶ್ಚಾತ್ಯರಿಂದ ಬಂದದ್ದು, ಆದುದರಿಂದ ಇಲ್ಲಿ ಹೇಳಬೇಕಾದುದೇನೂ ಇಲ್ಲ ಎಂಬುದು ಇನ್ನೊಂದು. ಆಕರಗಳು ಈ ಎರಡನ್ನೂ ಸಮರ್ಥಿಸುವುದಿಲ್ಲ. ಜಿಡ್ಡಿನಲ್ಲಿ ಪರಿಮಳವನ್ನು ಕಟ್ಟಿಹಾಕುವ ವಿದ್ಯೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಪ್ರೌಢವಾಗಿತ್ತು. ಮೇಣವನ್ನು ಕರಗಿಸಿ, ಎರೆದು, ತೂಗಿ ಬಳಸುವ ವಿದ್ಯೆಯೂ ಅಷ್ಟೇ ಪ್ರೌಢವಾಗಿತ್ತು. ಆದರೆ ಇವೆರಡೂ ದೀಪದ ಬಳಿ ಸಂಧಿಸಲಿಲ್ಲ. ಏಕೆ ಸಂಧಿಸಲಿಲ್ಲ ಎಂಬುದೇ ಇಲ್ಲಿ ವಿಚಾರಾರ್ಹವಾದ ಸಂಗತಿ.

ಮೊದಲು ಶಬ್ದವನ್ನು ನೋಡಬಹುದು. ‘ಮೇಣ’ ಎಂಬುದು ಸಂಸ್ಕೃತದ ‘ಮದನ’ದಿಂದ ಪ್ರಾಕೃತದ ‘ಮಯಣ’ದ ದಾರಿಯಾಗಿ ಬಂದ ತದ್ಭವ, ಮರಾಠಿಯ ‘ಮೇಣ’ಕ್ಕೂ ಇದೇ ಮೂಲ. ಕಾಮನ ಹೆಸರೂ ಮೇಣದ ಹೆಸರೂ ಒಂದೇ ಆಗಿರುವುದು ಶ್ಲೇಷಪ್ರಿಯರಾದ ಕವಿಗಳಿಗೆ ಅನುಕೂಲವಾದ ಸಂಗತಿ. ಶಾಸ್ತ್ರಗ್ರಂಥಗಳು ಮೇಣವನ್ನು ‘ಸಿಕ್ಥ’ ಅಥವಾ ‘ಸಿಕ್ಥಕ’ ಎನ್ನುತ್ತವೆ. ಮೂರನೆಯ ಹೆಸರು ‘ಮಧೂಚ್ಛಿಷ್ಟ’, ಅಂದರೆ ಜೇನನ್ನು ತೆಗೆದ ಮೇಲೆ ಉಳಿದ ಎಂಜಲು. ಈ ಮೂರನೆಯ ಹೆಸರನ್ನು ನೆನಪಿನಲ್ಲಿಡಬೇಕು; ಮುಂದಿನ ವಾದಕ್ಕೆ ಅದು ಬೇಕಾಗುತ್ತದೆ.

ಇನ್ನು ಗಂಧಶಾಸ್ತ್ರ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಗಂಧಯುಕ್ತಿಗೇ ಒಂದು ಅಧ್ಯಾಯ ಮೀಸಲಾಗಿದೆ. ಹದಿನಾರು ಗಂಧದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಕೂಟಗಳಾಗುತ್ತವೆ. ಒಂದೊಂದು ಕೂಟಕ್ಕೂ ಪಾಲುಗಳ ವ್ಯತ್ಯಾಸದಿಂದ 96 ಭೇದಗಳನ್ನು ಎಣಿಸಿ, ಒಟ್ಟು 1,74,720 ಗಂಧಗಳೆಂದು ಅಲ್ಲಿ ಲೆಕ್ಕ ಹಾಕಲಾಗಿದೆ. ಸುಗಂಧವು ಗಣಿತದ ವಿಷಯವೂ ಆಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಇಂತಹ ಕೂಟಗಳ ಸಂಖ್ಯೆಯನ್ನು ಕಂಡುಹಿಡಿಯುವ ಸಾಮಾನ್ಯ ಸೂತ್ರವನ್ನು ಕೊಟ್ಟವನು ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ. ‘ಗಣಿತಸಾರಸಂಗ್ರಹ’ದಲ್ಲಿ ಆತ ಅದನ್ನು ಷಡ್ರಸಗಳ ಉದಾಹರಣೆಯಿಂದ ವಿವರಿಸುತ್ತಾನೆ. ನಾಲಗೆಗೆ ಒಪ್ಪಿದ ಲೆಕ್ಕವೇ ಮೂಗಿಗೂ ಒಪ್ಪುತ್ತದೆ.

ವರಾಹಮಿಹಿರನ ಅದೇ ಅಧ್ಯಾಯದಲ್ಲಿ ಹೆಚ್ಚು ಗಮನಕ್ಕೆ ಬಾರದ ಇನ್ನೊಂದು ವಿಧಿಯಿದೆ. ಮಂಜಿಷ್ಠ, ವ್ಯಾಘ್ರನಖ, ಶುಕ್ತಿ, ಚಕ್ಕೆ, ಕೋಷ್ಠ ಮುಂತಾದವುಗಳ ಪುಡಿಯನ್ನು ಎಣ್ಣೆಯಲ್ಲಿ ಕೂಡಿಸಿ ಸೂರ್ಯಕಿರಣಗಳಲ್ಲಿ ಕಾಯಿಸಿದರೆ ಸಂಪಿಗೆಯ ಕಂಪುಳ್ಳ ತೈಲ ದೊರೆಯುತ್ತದೆಂದು ಅದು ಹೇಳುತ್ತದೆ. ಈ ಪಟ್ಟಿಯಲ್ಲಿ ಸಂಪಿಗೆಯ ಹೂವೇ ಇಲ್ಲ! ಹೂವಿಲ್ಲದೆ ಹೂವಿನ ವಾಸನೆಯನ್ನು ಕಟ್ಟುವ ಕಲೆ, ಅಂದರೆ ಇಂದು ಕೃತಕ ಪರಿಮಳತೈಲವೆಂದು ಮೂಗು ಮುರಿಯುವ ವಸ್ತುವಿನ ತತ್ತ್ವ, ಆಗಲೇ ಶಾಸ್ತ್ರದ ಒಳಗಿತ್ತು. ಸಹಜಗಂಧವೇ ಪ್ರಾಚೀನ, ಅನುಕರಣಗಂಧವೇ ಆಧುನಿಕ ಎಂಬ ವಿಭಾಗ ಇಲ್ಲಿ ನಿಲ್ಲುವುದಿಲ್ಲ.

ಕನ್ನಡದಲ್ಲಿ ಈ ವಿದ್ಯೆಯು ಕ್ರಿ.ಶ. 1025ರ ‘ಲೋಕೋಪಕಾರ’ದಲ್ಲಿ ಕಾಣಿಸುತ್ತದೆ. ಕಲ್ಯಾಣ ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಆಶ್ರಯದಲ್ಲಿದ್ದ ಇದರ ಕರ್ತೃ ಚಾವುಂಡರಾಯನು ಬ್ರಾಹ್ಮಣ ಕವಿ. ಶ್ರವಣಬೆಳಗೊಳದ ಗೊಮ್ಮಟ ವಿಗ್ರಹವನ್ನು ಮಾಡಿಸಿದ, ‘ತ್ರಿಷಷ್ಟಿಲಕ್ಷಣ ಮಹಾಪುರಾಣ’ವನ್ನು ಬರೆದ ಜೈನ ಚಾವುಂಡರಾಯನಲ್ಲ. ಹೆಸರಿನ ಸಾಮ್ಯದಿಂದ ವಿದ್ಯಾರ್ಥಿಗಳು ಇಬ್ಬರನ್ನೂ ಒಬ್ಬರೆಂದು ತಿಳಿಯುವುದುಂಟು. ಜ್ಯೋತಿಷ, ವಾಸ್ತು, ಉದಕಾರ್ಗಳ, ವೃಕ್ಷಾಯುರ್ವೇದ, ಸೂಪಶಾಸ್ತ್ರಗಳ ಜೊತೆಗೆ ಗಂಧಯುಕ್ತಿಗೂ ಅವನು ಸ್ಥಾನ ಕೊಟ್ಟಿದ್ದಾನೆ. ಬಾವಿಗೆ ಜಾಗ ಗುರುತಿಸುವುದು, ಗಿಡದ ರೋಗಕ್ಕೆ ಮದ್ದು ಹಾಕುವುದು, ಅಡುಗೆ ಮಾಡುವುದು, ಇವುಗಳ ಸಾಲಿನಲ್ಲಿ ಗಂಧವೂ ಬಂದಿತೆಂದರೆ ಅದನ್ನು ಅರಮನೆಯ ಭೋಗವೆಂದಷ್ಟೇ ಅಲ್ಲದೆ ಲೋಕದ ಉಪಯೋಗವೆಂದು ಎಣಿಸಲಾಗಿತ್ತು.

ಒಂದು ಶತಮಾನದ ತರುವಾಯ, ಕ್ರಿ.ಶ. 1129ರ ಸುಮಾರಿಗೆ, ಅದೇ ಮನೆತನದ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ‘ಮಾನಸೋಲ್ಲಾಸ’ದ ಭೋಗಪ್ರಕರಣಗಳಲ್ಲಿ ಈ ವಿದ್ಯೆ ರಾಜವೈಭವದೊಡನೆ ಬರುತ್ತದೆ. ಅಭ್ಯಂಗಕ್ಕೆ ಬೇಕಾದ ಎಣ್ಣೆಗಾಗಿ ಎಳ್ಳನ್ನೇ ಮೊದಲು ಕೇದಗೆ, ಸುರಹೊನ್ನೆ, ಸಂಪಿಗೆ ಮೊದಲಾದ ಹೂಗಳಿಂದ ವಾಸಿಸಿ ಆಮೇಲೆ ಯಂತ್ರದಲ್ಲಿ ಹಿಂಡುವ ಕ್ರಮ ಅಲ್ಲಿದೆ. ಇಲ್ಲಿನ ಸೂಕ್ಷ್ಮವನ್ನು ಗ್ರಹಿಸಬೇಕು. ಹೂವನ್ನು ಎಣ್ಣೆಗೆ ಹಾಕಿ ಕುದಿಸಿದರೆ ಪರಿಮಳವು ಹಬೆಯೊಡನೆ ಹಾರಿಹೋಗುತ್ತದೆ. ಕಾಳಿನೊಳಗಿರುವ ಜಿಡ್ಡು ಬೆಂಕಿಯ ಸೋಂಕಿಲ್ಲದೆ, ಪದರ ಪದರವಾಗಿ ಹರಡಿದ ಹೂವಿನ ಉಸಿರನ್ನು ಹೀರಿಕೊಳ್ಳುತ್ತದೆ. ಬಾಡಿದ ಹೂವನ್ನು ತೆಗೆದು ಹೊಸದನ್ನು ಹಾಸಿದಂತೆಲ್ಲ ಕಂಪು ಗಾಢವಾಗುತ್ತದೆ. ಕೊನೆಗೆ ಗಾಣದಿಂದ ಇಳಿಯುವುದು ಎಣ್ಣೆಯೂ ಹೌದು, ಹೂವೂ ಹೌದು. ಫ್ರಾನ್ಸಿನ ಗ್ರಾಸ್ ಪಟ್ಟಣದ ಸುಗಂಧಕಾರರು ಮಲ್ಲಿಗೆಯ ಕಂಪನ್ನು ಹಿಡಿಯಲು ಗಾಜಿನ ಹಲಗೆಗಳ ಮೇಲೆ ಹಂದಿಯ ಮತ್ತು ದನದ ಕೊಬ್ಬನ್ನು ಬಳಿದು ಅದರ ಮೇಲೆ ದಿನವೂ ಹೊಸ ಹೂ ಹಾಸುತ್ತಿದ್ದುದೂ ಇದೇ ತತ್ತ್ವದಿಂದಲೇ. ಜಿಡ್ಡು ವಾಸನೆಯನ್ನು ಹೀರುತ್ತದೆಂಬ ಅರಿವು ಎರಡು ನಾಡುಗಳಿಗೂ ಸಮಾನ; ಆದರೆ ಒಂದು ಕಡೆ ಅದು ಪ್ರಾಣಿಯ ಕೊಬ್ಬು, ಇನ್ನೊಂದು ಕಡೆ ಎಳ್ಳು. ಜೈನ ಗೃಹಸ್ಥನ ದೃಷ್ಟಿಯಿಂದ ಈ ಅಂತರ ಅಲ್ಪವಾದುದಲ್ಲ.

ಕಾಯಿಸಿದ ಎಣ್ಣೆಗೆ ಗಂಧದ್ರವ್ಯವನ್ನು ಯಾವಾಗ ಕೂಡಿಸಬೇಕೆಂಬ ಪ್ರಶ್ನೆಗೆ ವೈದ್ಯರೂ ಉತ್ತರ ಕಂಡುಕೊಂಡಿದ್ದರು. ತೈಲಪಾಕದಲ್ಲಿ ಕರ್ಪೂರ, ಕುಂಕುಮಕೇಸರಿ, ಕಸ್ತೂರಿಗಳನ್ನು ಒಲೆಯ ಮೇಲಿನ ಪಾತ್ರೆಗೆ ಹಾಕುವುದಿಲ್ಲ. ಅವುಗಳ ಪುಡಿಯನ್ನು ಬೇರೊಂದು ಪಾತ್ರೆಯ ತಳದಲ್ಲಿಟ್ಟು, ಪಾಕವಾಗಿ ಸೋಸಿದ ಬಿಸಿ ಎಣ್ಣೆಯನ್ನು ಅದರ ಮೇಲೆ ಸುರಿಯುತ್ತಾರೆ, ಇದನ್ನು ಪತ್ರಪಾಕವೆನ್ನುತ್ತಾರೆ. ಮೇಣವೂ ಔಷಧದಲ್ಲಿ ಎಣ್ಣೆಯ ಜೊತೆಗಾರನೇ. ಒಂದು ಪಾಲು ಜೇನುಮೇಣಕ್ಕೆ ಐದಾರು ಪಾಲು ಎಳ್ಳೆಣ್ಣೆ ಬೆರೆತ ಸಿಕ್ಥತೈಲವು ಮುಲಾಮುಗಳಿಗೆ ಆಧಾರ. ಅಂದರೆ ಮೇಣ, ಎಣ್ಣೆ, ಗಂಧ ಮೂರೂ ವೈದ್ಯನ ಮನೆಯಲ್ಲಿ ಒಂದೇ ಮಾಡಿನ ಕೆಳಗಿದ್ದವು. ಅವುಗಳ ನಡುವೆ ಒಂದು ಬತ್ತಿಯನ್ನು ನೆಟ್ಟಿದ್ದರೆ ಸುಗಂಧದ ಮೇಣದಬತ್ತಿ ಆಗಿಬಿಡುತ್ತಿತ್ತು.

ಇತ್ತ ಮೇಣದ ಕಥೆ ಬೇರೊಂದು ದಿಕ್ಕಿನಲ್ಲಿ ಬೆಳೆಯಿತು. ‘ಮಾನಸೋಲ್ಲಾಸ’ದಲ್ಲಿಯೇ ಮಧೂಚ್ಛಿಷ್ಟವಿಧಾನದ ವಿವರವಿದೆ. ಮೂರ್ತಿಯನ್ನು ಮೊದಲು ಮೇಣದಲ್ಲಿ ರೂಪಿಸಿ, ದತ್ತೂರಿಯ ಹೂವಿನಂತೆ ಬಾಯಗಲಿಸಿದ ನಾಳಗಳನ್ನು ಕೂಡಿಸಿ, ಮಣ್ಣಿನ ಲೇಪಗಳನ್ನು ಕೊಟ್ಟು ಒಣಗಿಸಿ, ಕಾಯಿಸಿ ಮೇಣವನ್ನು ಹೊರಹರಿಸಿ, ಉಳಿದ ಪೊಳ್ಳಿಗೆ ಲೋಹವನ್ನು ಎರೆಯುವ ಕ್ರಮವದು. ಮೇಣದ ತೂಕಕ್ಕೆ ತಾಮ್ರ ಹಿತ್ತಾಳೆಗಳು ಎಂಟು ಪಟ್ಟು, ಬೆಳ್ಳಿ ಹನ್ನೆರಡು ಪಟ್ಟು, ಚಿನ್ನ ಹದಿನಾರು ಪಟ್ಟು ಬೇಕೆಂದು ಸೋಮೇಶ್ವರನು ಹೇಳುತ್ತಾನೆ. ಇಂದಿನ ಅಳತೆಯಿಂದ ನೋಡಿದರೆ ಹಿತ್ತಾಳೆಗೆ ಸುಮಾರು ಒಂಬತ್ತು, ಬೆಳ್ಳಿಗೆ ಹನ್ನೊಂದು, ಶುದ್ಧ ಚಿನ್ನಕ್ಕೆ ಇಪ್ಪತ್ತು ಪಟ್ಟು ಬರುತ್ತದೆ. ಮೊದಲೆರಡರ ಸಾಮೀಪ್ಯ ಎರಕದವರ ಅನುಭವವನ್ನು ತೋರಿಸುತ್ತದೆ. ಚಿನ್ನದ ಅಂಕಿ ಕಡಿಮೆಯಾಗಿರುವುದರಿಂದ ಅದು ಬೆರಕೆಯ ಚಿನ್ನವನ್ನು ಉದ್ದೇಶಿಸಿದ್ದಿರಬಹುದು. ಬಸದಿಗಳಲ್ಲಿ ಪೂಜೆಗೊಳ್ಳುವ ಕಂಚಿನ ಜಿನಬಿಂಬಗಳೂ ಇಂತಹ ಎರಕದ ಪರಂಪರೆಗೆ ಸೇರಿದವು. ಜೇನನ್ನು ತ್ಯಜಿಸಿದ ಶ್ರಾವಕನು ಮಾಡಿಸಿದ ಬಿಂಬವು ಜೇನಿನ ಎಂಜಲಿನಲ್ಲಿಯೇ ಮೊದಲ ಆಕಾರವನ್ನು ತಳೆದಿತು. ಮೇಣ ಹರಿದುಹೋದ ಮೇಲೆ ಅದರ ಗುರುತು ಬಿಂಬದಲ್ಲಿ ಉಳಿಯುವುದಿಲ್ಲವೆಂಬುದು ಸಮಾಧಾನವೋ ವ್ಯಂಗ್ಯವೋ, ಓದುಗರು ತೀರ್ಮಾನಿಸಬಹುದು.

ಹೀಗಿರುವಾಗ ಮೇಣವು ದೀಪಕ್ಕೆ ಏಕೆ ಬರಲಿಲ್ಲ? ಸುಗಂಧದ ಬೆಳಕು ಅಪರಿಚಿತವಾಗಿತ್ತೆಂದು ಹೇಳಲಾಗದು. ಬೌದ್ಧರ ‘ಸದ್ಧರ್ಮಪುಂಡರೀಕ’ದಲ್ಲಿ ತುಪ್ಪದ ದೀಪಗಳೊಡನೆ ಗಂಧತೈಲದ, ಸಂಪಿಗೆಯೆಣ್ಣೆಯ ದೀಪಗಳೂ ಎಣಿಕೆಗೆ ಬಂದಿವೆ. ‘ಮಾನಸೋಲ್ಲಾಸ’ದ ಧೂಪಭೋಗದಲ್ಲಿ ಪುಡಿ ಮತ್ತು ಉಂಡೆಗಳಲ್ಲದೆ ವರ್ತಿಧೂಪ, ಅಂದರೆ ಬತ್ತಿಯ ಆಕಾರದ ಧೂಪವೂ ಇದೆ. ಎಣ್ಣೆಯಲ್ಲಿ ಗಂಧವಿತ್ತು, ಧೂಪದಲ್ಲಿ ಬತ್ತಿಯಿತ್ತು, ಇಲ್ಲದ್ದು ಮೇಣವೊಂದೇ.

ಉತ್ತರವನ್ನು ಗ್ರಂಥಗಳಿಗಿಂತ ನೆಲದಲ್ಲಿ ಹುಡುಕುವುದು ಲೇಸು. ಪಾವಗಡ ತಾಲ್ಲೂಕಿನ ತಿರುಮಣಿಯ ಸೀಮೆಯನ್ನು ತೆಗೆದುಕೊಳ್ಳಬಹುದು. ಕನ್ನಡ ತೆಲುಗುಗಳೆರಡೂ ಬೆರೆತ ಈ ಗಡಿನಾಡು ಒಣಭೂಮಿ. ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುವಂತಹದು. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಬೇಕಾದರೂ 35ರ ಹೊತ್ತಿಗೆಲ್ಲ ಅದು ಮೆತ್ತಗಾಗಿ ಬೆರಳಿಗೆ ಬಾಗುತ್ತದೆ. ಇಂತಹ ನೆಲದಲ್ಲಿ ಮೇಣದ ಕಂಬವನ್ನು ನೆಟ್ಟು ದೀಪ ಹಚ್ಚುವುದಕ್ಕಿಂತ ಹಣತೆಗೆ ಎಣ್ಣೆ ಸುರಿಯುವುದೇ ಸಹಜ. ಹೊಂಗೆ, ಹರಳು, ಎಳ್ಳು ಮಳೆ ಕಡಿಮೆಯಾದ ಕಡೆಗಳಲ್ಲಿಯೂ ಬೆಳೆಯುತ್ತವೆ; ಊರಿಗೊಂದು ಗಾಣವಿದ್ದರೆ ಬೆಳಕಿಗೆ ಕೊರತೆಯಿಲ್ಲ. ಮೇಣವಾದರೋ ಕಾಡಿನ ಬಂಡೆಗಳಿಂದಲೂ ಮರದ ಕೊಂಬೆಗಳಿಂದಲೂ ಸ್ವಲ್ಪ ಸ್ವಲ್ಪವಾಗಿ ಕೂಡಿಬರಬೇಕಾದ ವಸ್ತು. ಅದನ್ನು ಎರಕದವನಿಗೂ ವೈದ್ಯನಿಗೂ ಬಿಟ್ಟುಕೊಟ್ಟುದು ವಿವೇಕವೇ.

ಇದೇ ತಾಲ್ಲೂಕಿನ ನಿಡುಗಲ್ಲು ದುರ್ಗವು ನಿಡುಗಲ್ ಚೋಳರ ನೆಲೆ. ಇರುಂಗೋಳನ ಆಳ್ವಿಕೆಯಲ್ಲಿ ಗಂಗೆಯನ ಮಾರೆಯನು ಬೆಟ್ಟದಲ್ಲಿ ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು 1232ರ ಶಾಸನವು ಹೇಳುತ್ತದೆ. ಅದೇ ಮನೆತನದ ಆಳ್ವಿಕೆಗೆ ಒಳಪಟ್ಟಿದ್ದ, ಇಂದು ಆಂಧ್ರದಲ್ಲಿರುವ ಅಮರಾಪುರದ 1278ರ ಶಾಸನದಲ್ಲಿ ಮಲ್ಲಿಸೆಟ್ಟಿಯು ತೈಲಂಗೆರೆಯ ಬಸದಿಗೆ 2000 ಅಡಕೆಯ ಮರಗಳನ್ನು ದತ್ತಿಯಾಗಿ ಬಿಟ್ಟುದು ದಾಖಲಾಗಿದೆ. ದೇವರ ಅಂಗಭೋಗಕ್ಕೆ, ನಂದಾದೀವಿಗೆಗೆ ಗದ್ದೆಯನ್ನೋ ತೋಟವನ್ನೋ ಗಾಣದ ಎಣ್ಣೆಯನ್ನೋ ಬಿಡುವುದು ಕನ್ನಡ ಶಾಸನಗಳ ವಾಡಿಕೆ. ಆರದೆ ಉರಿಯಬೇಕಾದ ದೀವಿಗೆಗೆ ಪ್ರತಿದಿನ ಹುಟ್ಟುವ ಆದಾಯ ಬೇಕು. ಗಾಣವು ಅದನ್ನು ಕೊಡಬಲ್ಲುದು, ಜೇನುಹುಟ್ಟು ಕೊಡಲಾರದು.

ಆರ್ಥಿಕ ಕಾರಣದ ಮೇಲೆ ಧಾರ್ಮಿಕ ಕಾರಣವೂ ಕೂಡಿಕೊಂಡಿತು. ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಜೇನನ್ನು ಬಿಡಿಸುವಾಗ ಹುಳುಗಳೂ ಮರಿಗಳೂ ಸಾಯುವುದರಿಂದ ಮಧುವು ಹಿಂಸೆಯ ಫಲ. ಆ ಹಿಂಸೆಯು ಮಧುವಿನ ಉಳಿಕೆಯಾದ ಮೇಣಕ್ಕೂ ಅಂಟಿಕೊಂಡೇ ಬರುತ್ತದೆ. ವೈದಿಕರಿಗೆ ಜೇನು ಪಂಚಾಮೃತದಲ್ಲಿ ಒಂದಾದುದರಿಂದ ಈ ಆಕ್ಷೇಪವಿಲ್ಲ. ಆದರೂ ‘ಉಚ್ಛಿಷ್ಟ’ವೆಂಬ ಹೆಸರನ್ನು ಹೊತ್ತ ವಸ್ತು ಗರ್ಭಗೃಹದ ದೀಪವಾಗುವುದಕ್ಕೆ ತುಪ್ಪ ಎಳ್ಳೆಣ್ಣೆಗಳಷ್ಟು ಯೋಗ್ಯವೆನಿಸದಿದ್ದರೆ ಆಶ್ಚರ್ಯವಿಲ್ಲ. ಯುರೋಪಿನ ಚರ್ಚುಗಳಲ್ಲಿ ಇದಕ್ಕೆ ತೀರ ವಿರುದ್ಧವಾಗಿ ಜೇನುಮೇಣದ ಬತ್ತಿಯೇ ಪರಿಶುದ್ಧವೆನಿಸಿ, ದನದ ಕೊಬ್ಬಿನ ಬತ್ತಿ ಬಡವರ ಮನೆಗಳಿಗೆ ಉಳಿಯಿತು. ಇನ್ನು ದೀಪದ ವಿಷಯದಲ್ಲಿಯೇ ಜೈನರಿಗೆ ಒಂದು ಹಿಂಜರಿಕೆಯಿದೆ. ಅಮೃತಚಂದ್ರಸೂರಿಯ ‘ಪುರುಷಾರ್ಥಸಿದ್ಧ್ಯುಪಾಯ’ವು ರಾತ್ರಿಭೋಜನವನ್ನು ನಿಷೇಧಿಸುತ್ತ, ದೀಪ ಹಚ್ಚಿಕೊಂಡರೂ ಆಹಾರಕ್ಕೆ ಬಂದು ಬೀಳುವ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದೆನ್ನುತ್ತದೆ. ಬೆಳಕೂ ನಿರಪರಾಧಿಯಲ್ಲ.

ಹಾಗೆಂದು ಪ್ರಾಚೀನ ಗಂಧಶಾಸ್ತ್ರವು ಅಹಿಂಸೆಯ ಶಾಸ್ತ್ರವಾಗಿತ್ತೆಂದು ಹೆಮ್ಮೆಪಡುವುದೂ ಸಲ್ಲದು. ಅದರ ಪ್ರಿಯದ್ರವ್ಯಗಳಾದ ಕಸ್ತೂರಿಯು ಮೃಗದಿಂದ, ಪುನುಗು ಬೆಕ್ಕಿನಿಂದ, ನಖವು ಸಮುದ್ರದ ಶಂಖಜೀವಿಯಿಂದ ಬರುವಂತಹವು. ಮೇಣವನ್ನು ಅನುಮಾನಿಸಿದ ಕಣ್ಣು ಕಸ್ತೂರಿಯನ್ನು ಅಷ್ಟಾಗಿ ಅನುಮಾನಿಸದೆ ಕಾವ್ಯದ ತುಂಬ ಹರಿಯಗೊಟ್ಟಿತು. ಜೈನ ಕವಿಗಳ ವರ್ಣನೆಗಳೂ ಇದಕ್ಕೆ ಹೊರತಲ್ಲ.

ಮೇಣದ ಸ್ವರೂಪವನ್ನೇ ಬದಲಾಯಿಸಿದ್ದು ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರ. ಫ್ರಾನ್ಸಿನ ಷೆವ್ರೆಲ್ 1820ರ ದಶಕದಲ್ಲಿ ಕೊಬ್ಬಿನಿಂದ ಗಟ್ಟಿಯಾದ ಸ್ಟಿಯರಿನನ್ನು ಬೇರ್ಪಡಿಸಿದ. 1830ರಲ್ಲಿ ರೈಖೆನ್‌ಬಾಖ್ ಪ್ಯಾರಫಿನನ್ನು ಗುರುತಿಸಿದ. 1850ರಲ್ಲಿ ಜೇಮ್ಸ್ ಯಂಗ್ ಕಲ್ಲಿದ್ದಲಿನಿಂದ ಅದನ್ನು ತೆಗೆಯುವ ಕ್ರಮಕ್ಕೆ ಹಕ್ಕುಪತ್ರ ಪಡೆದ. ಮೇಣವು ಜೇನಿನಿಂದಲೂ ಕೊಬ್ಬಿನಿಂದಲೂ ಬಿಡುಗಡೆ ಹೊಂದಿ ಖನಿಜವಾಯಿತು. ಮೇಣವೆಂಬ ಹೆಸರು ಮಾತ್ರ ಹಳೆಯದೇ ಉಳಿಯಿತು. ಗಂಧದ ಕಡೆ ಇದಕ್ಕೆ ಸಮಾನವಾದ ತಿರುವು ಮೈಸೂರು ಸಂಸ್ಥಾನದಲ್ಲಿ ನಡೆಯಿತು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ಕೊರಡುಗಳು ಯುರೋಪಿಗೆ ಹೋಗುವುದು ನಿಂತಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರ ಪ್ರಯೋಗಗಳ ಆಧಾರದ ಮೇಲೆ 1916ರಲ್ಲಿ ಗಂಧದೆಣ್ಣೆಯ ಬಟ್ಟಿ ಇಳಿಸುವಿಕೆ ಇಲ್ಲಿಯೇ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. ಎರಡು ವರ್ಷಗಳಲ್ಲಿ ಸಾಬೂನು ಬಂದಿತು. ಸಾಬೂನೂ ಜಿಡ್ಡಿನಲ್ಲಿ ಗಂಧವನ್ನು ಕಟ್ಟುವ ಇನ್ನೊಂದು ಉಪಾಯವೇ ತಾನೆ.

ಇಂದು ಮನೆಯಲ್ಲಿ ಮೇಣದಬತ್ತಿ ಮಾಡುವವರು ಅನುಸರಿಸುವ ಕ್ರಮವನ್ನು ಗಂಗಾಧರನ ‘ಗಂಧಸಾರ’ದ ಪಕ್ಕದಲ್ಲಿಟ್ಟು ಓದಿದರೆ ಕುತೂಹಲಕರವಾಗಿರುತ್ತದೆ. ಮಧ್ಯಕಾಲದ ಈ ಸಂಸ್ಕೃತ ಗ್ರಂಥವನ್ನು ವಿದ್ವಲ್ಲೋಕದ ಗಮನಕ್ಕೆ ತಂದವರು ಪಿ.ಕೆ. ಗೋಡೆ. ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನವೆಂಬ ಆರು ಕರ್ಮಗಳನ್ನು ಅದು ಹೇಳುತ್ತದೆ. ಮೇಣವನ್ನು ನೇರವಾಗಿ ಬೆಂಕಿಗಿಡದೆ ಬಿಸಿನೀರಿನ ಪಾತ್ರೆಯೊಳಗೆ ಕರಗಿಸುತ್ತಾರೆ, ಇದು ಪಾಚನ. ಒಲೆಯಿಂದ ಇಳಿಸಿ, ಮೇಣದ ಜಾತಿಗೆ ತಕ್ಕಂತೆ ಸುಮಾರು 70ರಿಂದ 85 ಡಿಗ್ರಿಯ ನಡುವೆ ಪರಿಮಳತೈಲವನ್ನು ಸುರಿದು, ಒಂದೆರಡು ನಿಮಿಷ ಬಿಡದೆ ಕಲಕುತ್ತಾರೆ. ಹೆಚ್ಚು ಬಿಸಿಯಿದ್ದರೆ ಲಘುವಾದ ಕಂಪು ಹಾರಿಹೋಗುತ್ತದೆ. ಹೆಚ್ಚು ತಣಿದಿದ್ದರೆ ತೈಲವು ಮೇಣದೊಳಗೆ ಹೊಗದೆ ಬೇರೆಯೇ ನಿಲ್ಲುತ್ತದೆ. ಹೊಗುವುದೇ ವೇಧ. ಪತ್ರಪಾಕದ ವೈದ್ಯನಿಗೆ ಈ ಎಚ್ಚರಿಕೆ ಹೊಸದಾಗಿ ಕಾಣುತ್ತಿರಲಿಲ್ಲ. ಪ್ರಮಾಣವು ಸಾಮಾನ್ಯವಾಗಿ ಮೇಣದ ತೂಕದ ನೂರಕ್ಕೆ 6ರಿಂದ 10 ಪಾಲು; ಅಂದರೆ 500 ಗ್ರಾಂ ಮೇಣಕ್ಕೆ 30ರಿಂದ 50 ಗ್ರಾಂ. ಇದನ್ನು ತಕ್ಕಡಿಯಿಂದಲೇ ತೂಗಬೇಕು, ಚಮಚದ ಅಳತೆ ಸಾಲದು. ಅತಿಯಾದರೆ ಮೇಣವು ಹಿಡಿದಿಡಲಾರದೆ ಮೈಮೇಲೆ ಬೆವರಿನಂತೆ ತೈಲವನ್ನು ಹೊರಹಾಕುತ್ತದೆ, ಉರಿಯುವಾಗ ಅಪಾಯಕ್ಕೂ ಎಡೆಯಾಗುತ್ತದೆ. ಎರೆದ ಬತ್ತಿಯನ್ನು ಒಡನೆ ಹಚ್ಚದೆ, ಸೋಯಾ ಮೇಣವಾದರೆ ಒಂದೆರಡು ವಾರ ಮುಚ್ಚಿಡುತ್ತಾರೆ. ಮುಚ್ಚಿಟ್ಟು ಕಾಯುವ ಈ ಅವಧಿಗೆ ‘ವಾಸನ’ವೆಂಬ ಹೆಸರು ಚೆನ್ನಾಗಿ ಒಪ್ಪುತ್ತದೆ.

ಒಂದು ನಿರಾಶೆಯೂ ಕಾದಿರುತ್ತದೆ. ನಾಡಿನ ಹೆಮ್ಮೆಯಾದ ಶ್ರೀಗಂಧದೆಣ್ಣೆ ಮೇಣದಬತ್ತಿಯಲ್ಲಿ ನಿರೀಕ್ಷಿಸಿದಷ್ಟು ಹರಡುವುದಿಲ್ಲ. ಅದರ ಸಾರವಾದ ಸಾಂಟಲಾಲ್ ಕುದಿಯಲು 300 ಡಿಗ್ರಿಗೂ ಮೀರಿದ ಬಿಸಿ ಬೇಕು. ಬತ್ತಿಯ ಸುತ್ತ ಕರಗಿ ನಿಲ್ಲುವ ಮೇಣದ ಅಲ್ಪ ಬಿಸಿಗೆ ಅದು ನಿಧಾನವಾಗಿಯೇ ಏಳುತ್ತದೆ. ಈ ನಿಧಾನವೇ ಗುಣವಾಗಿ, ಅತ್ತರುಗಳಲ್ಲಿ ಹಾರಿಹೋಗುವ ಹೂಗಂಪುಗಳಿಗೆ ಆಧಾರವಾಗಿ ನಿಲ್ಲುವುದೂ ಶ್ರೀಗಂಧವೇ. ಆದುದರಿಂದ ಅಂಗಡಿಯಲ್ಲಿ ಶ್ರೀಗಂಧವೆಂಬ ಹೆಸರಿನಿಂದ ಮನೆ ತುಂಬುವಂತೆ ಘಮಘಮಿಸುವ ಅಗ್ಗದ ಬತ್ತಿಯಲ್ಲಿರುವುದು ಬಹುಮಟ್ಟಿಗೆ ವರಾಹಮಿಹಿರನ ಸಂಪಿಗೆಯೆಣ್ಣೆಯ ಜಾತಿಯದು. ವ್ರತನಿಷ್ಠರು ಪರಿಮಳಕ್ಕಿಂತ ಮೇಣದ ಮೂಲವನ್ನೇ ಮೊದಲು ವಿಚಾರಿಸಬೇಕು. ಸ್ಟಿಯರಿನ್ ಸಸ್ಯದ್ದೂ ಇರಬಹುದು, ಪ್ರಾಣಿಯದ್ದೂ ಇರಬಹುದು. ಜೇನುಮೇಣದ ಮೇಲಿನ ಆಕ್ಷೇಪ ಹಳೆಯದೇ. ಸೋಯಾ, ತೆಂಗು, ಪ್ಯಾರಫಿನ್‌ಗಳಲ್ಲಿ ಆ ತೊಡಕಿಲ್ಲ.

ಬೆಳಕಿನ ಹೊಣೆಯನ್ನು ವಿದ್ಯುತ್ತು ವಹಿಸಿಕೊಂಡ ಮೇಲೆಯೇ ಮೇಣದಬತ್ತಿಗೆ ಕಂಪಿನ ಕೆಲಸ ಮುಖ್ಯವಾದದ್ದು. ಕಣ್ಣಿಗೆ ಅದು ಅನಗತ್ಯವಾದುದರಿಂದ ಮೂಗಿಗೆ ಉಳಿಯಿತು, ದೀಪವು ಧೂಪವಾಯಿತು. ಆ ವಿದ್ಯುತ್ತಿನ ಒಂದು ಭಾಗ ಈಗ ಹುಟ್ಟುವುದು ತಿರುಮಣಿಯ ಬಯಲಿನಲ್ಲಿಯೇ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2050 ಮೆಗಾವಾಟ್. ಹೊಲಗಳಲ್ಲಿ ಬಹುಪಾಲು ರೈತರಿಂದ ಗುತ್ತಿಗೆಗೆ ಪಡೆದದ್ದು. ನೆಲಗಡಲೆಯ ಸಾಲುಗಳಿದ್ದ ಕಡೆ ಈಗ ಗಾಜಿನ ಫಲಕಗಳ ಸಾಲುಗಳು ನಿಂತು, ಗಂಧಯುಕ್ತಿಯ ಎಣ್ಣೆಯನ್ನು ಕಾಯಿಸುತ್ತಿದ್ದ ಅದೇ ಬಿಸಿಲಿಗೆ ಮುಖವೊಡ್ಡಿವೆ.